ಮರವಲ್ಲದ ಮರ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ದಡದ ಮೇಲೆ ಮುಕ್ಕುಂದ ಎಂಬ ಊರಿದೆ. ಈ ಸೀಮೆಯ ಯಾವ ಹಳ್ಳಿಯನ್ನು ಹೊಕ್ಕು ನೋಡಿದರೂ ಹಳೆಯ ಮಾಳಿಗೆ ಮನೆಗಳು ಕಣ್ಣಿಗೆ ಬೀಳುತ್ತವೆ. ಕಲ್ಲುಮಣ್ಣಿನ ಗೋಡೆ, ಗೋಡೆಯ ಮೇಲೆ ಮರದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮಣ್ಣಿನ ಮೇಲ್ಮುದ್ದೆ; ಇದು ಆ ಮನೆಗಳ ರಚನೆ. ಪಡಸಾಲೆಯ ತೊಲೆಯನ್ನು ತಾತನ ಕಾಲದಲ್ಲಿ ಏರಿಸಿದ್ದಾದರೂ ಅದು ಇಂದಿಗೂ ಗಟ್ಟಿಯಾಗಿರುತ್ತದೆ. ಆದರೆ ಅದೇ ಮರದ ಒಂದು ಹಲಗೆಯನ್ನು ಅಂಗಳದಲ್ಲಿ ಹಾಸಿದರೆ ಅಥವಾ ಹಿತ್ತಲಿನ ಬಾಗಿಲಿಗೆ ಬಳಸಿದರೆ ಅದು ಕೆಲವೇ ವರ್ಷಗಳಲ್ಲಿ ಬಣ್ಣಗೆಟ್ಟು, ಸೀಳುಬಿಟ್ಟು, ಗೆದ್ದಲಿಗೆ ಆಹಾರವಾಗುತ್ತದೆ. ಒಂದೇ ಮರಕ್ಕೆ ಮನೆಯ ಒಳಗೆ ಒಂದು ಆಯುಷ್ಯ, ಹೊರಗೆ ಇನ್ನೊಂದು ಆಯುಷ್ಯ! ಇದಕ್ಕೆ ಕಾರಣವೇನು? ಬಿಸಿಲುಮಳೆಗಳನ್ನು ತಾಳಿಕೊಂಡು ಬಾಳುವ ಹಲಗೆಯೊಂದನ್ನು ಮಾನವನು ತಾನೇ ನಿರ್ಮಿಸಿಕೊಳ್ಳಲಾರನೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕೋಣ.

ಮೊದಲು ಮರದ ಗುಣವನ್ನು ತಿಳಿಯಬೇಕು. ಮರದ ಮುಖ್ಯ ಘಟಕಗಳು ಸೆಲ್ಯುಲೋಸ್ ಮತ್ತು ಲಿಗ್ನಿನ್. ಸೆಲ್ಯುಲೋಸ್ ನೂಲಿನಂತೆ ಉದ್ದನೆಯ ಎಳೆಗಳಾಗಿ ಮರಕ್ಕೆ ಬಲವನ್ನು ಕೊಡುತ್ತದೆ. ಲಿಗ್ನಿನ್ ಆ ಎಳೆಗಳನ್ನು ಅಂಟಿನಂತೆ ಒಂದುಗೂಡಿಸಿ ಹಿಡಿಯುತ್ತದೆ. ಹಗುರವಾಗಿದ್ದೂ ಬಲವುಳ್ಳದ್ದು, ಉಳಿಗೂ ಗರಗಸಕ್ಕೂ ಒಗ್ಗುವಂಥದ್ದು, ಮುಟ್ಟಿದರೆ ಹಿತವಾದದ್ದು. ಇಂಥ ವಸ್ತು ಮತ್ತೊಂದು ಸಿಗುವುದು ಅಪರೂಪ. ಆದರೆ ಇದಕ್ಕೆ ಶತ್ರುಗಳೂ ಉಂಟು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಲಿಗ್ನಿನ್ನನ್ನು ಒಡೆಯುತ್ತವೆ. ಆದುದರಿಂದಲೇ ಹೊರಗಿಟ್ಟ ಹಲಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಮಳೆಯಲ್ಲಿ ಮರವು ನೀರನ್ನು ಹೀರಿ ಉಬ್ಬುತ್ತದೆ, ಬಿಸಿಲಿನಲ್ಲಿ ನೀರನ್ನು ಕಳೆದುಕೊಂಡು ಕುಗ್ಗುತ್ತದೆ. ವರ್ಷವರ್ಷವೂ ಹೀಗೆ ಉಬ್ಬಿ ಕುಗ್ಗಿ ಅದು ಬಾಗುತ್ತದೆ, ಸೀಳುತ್ತದೆ, ಹೊಡೆದ ಮೊಳೆಯನ್ನು ಸಡಿಲಿಸುತ್ತದೆ. ಮರದಲ್ಲಿರುವ ತೇವಾಂಶವು ನೂರಕ್ಕೆ ಇಪ್ಪತ್ತನ್ನು ಮೀರಿ ಬಹುಕಾಲ ನಿಂತಿತೆಂದರೆ ಶಿಲೀಂಧ್ರಗಳು ಬೆಳೆದು ಅದನ್ನು ಕೊಳೆಸತೊಡಗುತ್ತವೆ. ಇನ್ನು ಗೆದ್ದಲಿಗೆ ಸೆಲ್ಯುಲೋಸೇ ಆಹಾರ. ಮನೆಯೊಳಗಿನ ತೊಲೆಗೆ ಬಿಸಿಲೂ ತಾಕದು, ಮಳೆಯೂ ತಾಕದು. ಅದರ ದೀರ್ಘಾಯುಷ್ಯದ ಗುಟ್ಟು ಇದೇ.

ಹಲಗೆ ಹಾಳಾದರೆ ಇನ್ನೊಂದನ್ನು ತರಬಹುದಲ್ಲವೆ ಎಂದು ನೀವು ಕೇಳಬಹುದು. ಎಲ್ಲಿಂದ ತರಬೇಕು? ರಾಯಚೂರು ಜಿಲ್ಲೆಯಲ್ಲಿ ಅರಣ್ಯವು ಅತ್ಯಲ್ಪ. ಈ ನಾಡಿನ ರೈತರು ಬಂಡಿಗೂ ನೇಗಿಲಿಗೂ ಜಾಲಿಯನ್ನೋ ಬೇವನ್ನೋ ನೆಚ್ಚಿಕೊಂಡವರು. ಒಳ್ಳೆಯ ತೇಗ ಬೇಕೆಂದರೆ ದಾಂಡೇಲಿಯಂತಹ ದೂರದ ಕಾಡಿನ ಕಡೆಗೆ ನೋಡಬೇಕು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯಿಂದ ಸಿಂಧನೂರಿನ ಹೊಲಗಳು ಗದ್ದೆಗಳಾದವು; ಜೋಳ ಬೆಳೆಯುತ್ತಿದ್ದ ನೆಲ ಭತ್ತದ ಕಣಜವೆನಿಸಿತು. ನೀರು ಬಂದಿತು, ಅನ್ನ ಬಂದಿತು. ಕಾಡು ಮಾತ್ರ ಬರಲಿಲ್ಲ.

ಇದು ಒಂದು ಜಿಲ್ಲೆಯ ಕೊರತೆಯಲ್ಲ. ದೇಶದ ಭೂಭಾಗದಲ್ಲಿ ಮೂರನೆಯ ಒಂದು ಪಾಲಾದರೂ ಅರಣ್ಯ ಮತ್ತು ಮರಗಳಿಂದ ಕೂಡಿರಬೇಕೆಂಬುದು 1988ರ ರಾಷ್ಟ್ರೀಯ ಅರಣ್ಯ ನೀತಿಯ ಗುರಿ. ಮರಕ್ಕೆ ಬದಲಾಗಿ ಬೇರೆ ವಸ್ತುಗಳನ್ನು ಹೆಚ್ಚು ಹೆಚ್ಚಾಗಿ ಬಳಸಬೇಕೆಂದೂ ಅದೇ ನೀತಿ ಹೇಳುತ್ತದೆ. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯು ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿರ್ಬಂಧಿಸಿತು. ಹೀಗೆ ಮರದ ಕೆಲಸವನ್ನು ಮಾಡಬಲ್ಲ, ಆದರೆ ಮರವನ್ನು ಕಡಿಯದೆ ದೊರೆಯಬಲ್ಲ ವಸ್ತುವಿನ ಅನ್ವೇಷಣೆ ಅಗತ್ಯವಾಯಿತು. ಆ ಅನ್ವೇಷಣೆಯ ಫಲಗಳಲ್ಲಿ ಒಂದು, ಮರದ ಹುಡಿಯನ್ನೂ ಪ್ಲಾಸ್ಟಿಕ್ಕನ್ನೂ ಬೆರೆಸಿ ತಯಾರಿಸುವ ಹಲಗೆ. ಇದನ್ನು ಮರ-ಪ್ಲಾಸ್ಟಿಕ್ ಸಂಯೋಜಿತ ಹಲಗೆ ಎನ್ನಬಹುದು. ಪೇಟೆಯಲ್ಲಿ ಇದಕ್ಕೆ ಡಬ್ಲ್ಯು.ಪಿ.ಸಿ. ಹಲಗೆ ಎಂಬ ಹೆಸರು ರೂಢಿಯಲ್ಲಿದೆ.

ಎರಡು ವಸ್ತುಗಳನ್ನು ಕೂಡಿಸಿ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸುವ ಉಪಾಯ ಹೊಸದೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಮೆತ್ತುವ ಮಣ್ಣಿಗೆ ಹುಲ್ಲನ್ನೋ ಹೊಟ್ಟನ್ನೋ ಸೇರಿಸಿ, ಕೊಳೆಹಾಕಿ, ತುಳಿದು ಹದಮಾಡುವುದನ್ನು ನೀವು ಕಂಡಿರಬಹುದು. ಬರಿಯ ಮಣ್ಣು ಒಣಗಿದೊಡನೆ ಬಿರುಕುಬಿಡುತ್ತದೆ. ಬರಿಯ ಹುಲ್ಲು ಗೋಡೆಯಾಗಿ ನಿಲ್ಲದು. ಎರಡೂ ಕೂಡಿದರೆ ಬಿರುಕಿಲ್ಲದ ಗೋಡೆ ಸಿದ್ಧವಾಗುತ್ತದೆ. ತುಂಗಭದ್ರೆಯ ಹರಿಗೋಲೂ ಇದಕ್ಕೆ ಒಳ್ಳೆಯ ನಿದರ್ಶನ. ಬಿದಿರಿನ ಹೆಣಿಗೆಗೆ ಬಲವಿದೆ, ಆದರೆ ಅದು ನೀರನ್ನು ತಡೆಯದು. ತೊಗಲು ನೀರನ್ನು ತಡೆಯುತ್ತದೆ, ಆದರೆ ತಾನಾಗಿ ಆಕಾರವನ್ನು ತಳೆದು ನಿಲ್ಲದು. ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿದಾಗ ಅದು ದೋಣಿಯಾಯಿತು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಂತಹ ದುಂಡನೆಯ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಇಂದು ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ; ಆದರೆ ತತ್ತ್ವ ಮಾತ್ರ ಅದೇ.

ಈ ತತ್ತ್ವವೇ ಆಧುನಿಕ ಕಾಲದಲ್ಲಿ ಪ್ರಯೋಗಶಾಲೆಯನ್ನು ಪ್ರವೇಶಿಸಿತು. 1907ರಲ್ಲಿ ಲಿಯೊ ಬೇಕೆಲಂಡ್ ಎಂಬ ವಿಜ್ಞಾನಿಯು ಬೇಕಲೈಟ್ ಎಂಬ ಪ್ಲಾಸ್ಟಿಕ್ಕನ್ನು ಕಂಡುಹಿಡಿದನು. ಅದು ಬೇಗನೆ ಒಡೆಯದಿರಲೆಂದು ಅದಕ್ಕೆ ನುಣ್ಣನೆಯ ಮರದ ಹುಡಿಯನ್ನು ಬೆರೆಸುತ್ತಿದ್ದರು. ಹಳೆಯ ಮನೆಗಳ ಗೋಡೆಗಳಲ್ಲಿ ಕಾಣುವ ಕಪ್ಪು ವಿದ್ಯುತ್ ಸ್ವಿಚ್ಚುಗಳು ಇಂತಹ ಮಿಶ್ರಣದಿಂದ ಆದವು. ಆದರೆ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕಾಸಿದರೆ ಕರಗಿ, ತಣಿದರೆ ಗಟ್ಟಿಯಾಗುವ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳು ಬಂದ ಮೇಲೆ ದಾರಿ ಸುಗಮವಾಯಿತು. 1970ರ ದಶಕದಲ್ಲಿ ಇಟಲಿಯಲ್ಲಿ ಪಾಲಿಪ್ರೊಪಿಲೀನ್ ಮತ್ತು ಮರದ ಹುಡಿಯ ಹಾಳೆಗಳನ್ನು ಮೋಟಾರು ಕಾರುಗಳ ಒಳಭಾಗಕ್ಕೆ ಬಳಸತೊಡಗಿದರು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಳಸಿ ಬಿಸುಟ ಪಾಲಿಎಥಿಲೀನ್ ಚೀಲಗಳಿಂದಲೂ ಮರದ ಹುಡಿಯಿಂದಲೂ ಹೊರಾಂಗಣದ ಹಲಗೆಗಳು ತಯಾರಾದವು.

ಅಮೆರಿಕದ ಅನೇಕ ಮನೆಗಳ ಹಿಂಬದಿಯಲ್ಲಿ ನೆಲದಿಂದ ತುಸು ಎತ್ತರಕ್ಕೆ ಹಲಗೆಗಳನ್ನು ಹಾಸಿದ ಒಂದು ಅಟ್ಟಣೆಯಿರುತ್ತದೆ. ಹಡಗಿನ ಮೇಲುಹಾಸನ್ನು ಹೋಲುವುದರಿಂದ ಅದನ್ನು ಡೆಕ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಮನೆಯ ಮುಂದಿನ ಕಟ್ಟೆ ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆಂದು ಹೇಳಬಹುದು. ಆ ಹಲಗೆಗಳು ಕೊಳೆಯದಿರಲೆಂದು ಅವಕ್ಕೆ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ದ್ರಾವಣವನ್ನು ಉಣಿಸುವ ಪದ್ಧತಿಯಿತ್ತು. ಮಕ್ಕಳು ಆಡುವ ಹಾಸಿನಲ್ಲಿ ಆರ್ಸೆನಿಕ್ ವಿಷವೆ ಎಂಬ ಭೀತಿ ಹಬ್ಬಿತು. 2003ರ ಅಂತ್ಯಕ್ಕೆ ಅಲ್ಲಿ ಮನೆಬಳಕೆಯ ಹಲಗೆಗಳಿಗೆ ಈ ದ್ರಾವಣವನ್ನು ಉಣಿಸುವುದು ನಿಂತಿತು. ಸಂಯೋಜಿತ ಹಲಗೆಯ ಕಡೆಗೆ ಜನರ ಗಮನ ಹರಿಯಲು ಇದೂ ಒಂದು ಕಾರಣ.

ಈ ಹಲಗೆಯನ್ನು ಹೇಗೆ ತಯಾರಿಸುತ್ತಾರೆಂಬುದನ್ನು ನೋಡೋಣ. ಮರದ ಹುಡಿಯೇ ಆಗಬೇಕೆಂದಿಲ್ಲ. ಬಿದಿರಿನ ನಾರಾಗಬಹುದು, ನಮ್ಮ ಅಕ್ಕಿ ಗಿರಣಿಗಳಲ್ಲಿ ರಾಶಿಬೀಳುವ ಭತ್ತದ ಹೊಟ್ಟೂ ಆಗಬಹುದು. ನೂರು ಕಿಲೋಗ್ರಾಂ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು ಇಪ್ಪತ್ತು ಕಿಲೋಗ್ರಾಂ ಹೊಟ್ಟು ಹೊರಬೀಳುತ್ತದೆ. ಮೊದಲು ಹೊಟ್ಟನ್ನು ನುಣ್ಣಗೆ ಬೀಸಿ ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಕಾಸುವಾಗ ಅದು ಆವಿಯಾಗಿ ಹಲಗೆಯಲ್ಲಿ ಗುಳ್ಳೆಗಳೇಳುತ್ತವೆ. ಅನಂತರ ಆ ಹುಡಿಗೆ ಪ್ಲಾಸ್ಟಿಕ್ಕನ್ನು ಬೆರೆಸುತ್ತಾರೆ. ಸಾಮಾನ್ಯವಾಗಿ ಹುಡಿಯದು ಅರ್ಧ ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು. ಉಳಿದುದರಲ್ಲಿ ಬಹುಭಾಗ ಪ್ಲಾಸ್ಟಿಕ್.

ಯಾವ ಪ್ಲಾಸ್ಟಿಕ್ಕಾದರೂ ಈ ಕೆಲಸಕ್ಕೆ ಬರುವುದಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರದ ಹುಡಿ ಕರಕಲಾಗತೊಡಗುತ್ತದೆ. ಆದುದರಿಂದ ಅದಕ್ಕಿಂತ ಕಡಿಮೆ ಕಾವಿನಲ್ಲಿ ಕರಗುವ ಪ್ಲಾಸ್ಟಿಕ್ ಬೇಕು. ಪಾಲಿಎಥಿಲೀನ್ ಸುಮಾರು 130 ಡಿಗ್ರಿಯಲ್ಲಿಯೂ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿಯೂ ಕರಗುವುದರಿಂದ ಅವು ತಕ್ಕವಾಗಿವೆ. ಇಲ್ಲಿ ಇನ್ನೊಂದು ತೊಡಕುಂಟು. ಹೊಟ್ಟು ನೀರನ್ನು ಬಯಸುವ ವಸ್ತು. ಪ್ಲಾಸ್ಟಿಕ್ ನೀರನ್ನು ದೂರವಿಡುವ ವಸ್ತು. ಎಣ್ಣೆಯೂ ನೀರೂ ಬೆರೆಯದಂತೆ ಇವೆರಡೂ ತಾವಾಗಿಯೇ ಬೆಸೆದುಕೊಳ್ಳವು. ಒಂದು ತುದಿಯಿಂದ ಹೊಟ್ಟನ್ನೂ ಮತ್ತೊಂದು ತುದಿಯಿಂದ ಪ್ಲಾಸ್ಟಿಕ್ಕನ್ನೂ ಹಿಡಿದುಕೊಳ್ಳುವ ಒಂದು ರಾಸಾಯನಿಕವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದರೆ ನಂಟು ಕುದುರುತ್ತದೆ. ಬಣ್ಣವನ್ನೂ, ಬಿಸಿಲಿನಿಂದ ಕಾಯುವ ದ್ರವ್ಯಗಳನ್ನೂ ಇದರೊಡನೆಯೇ ಬೆರೆಸುತ್ತಾರೆ.

ಈ ಮಿಶ್ರಣವು ಬಿಸಿಯಾದ ಕೊಳವೆಯೊಂದರೊಳಗೆ ಹೋಗುತ್ತದೆ. ಕೊಳವೆಯಲ್ಲಿ ತಿರುಗುವ ಎರಡು ತಿರುಪುಗಳು ಅದನ್ನು ನಾದುತ್ತ ಮುಂದಕ್ಕೆ ನೂಕುತ್ತವೆ. ಕೊನೆಯಲ್ಲಿರುವ ಅಚ್ಚಿನ ಮೂಲಕ ಬಿಸಿ ಕಣಕವು ಹಲಗೆಯ ಆಕಾರವನ್ನು ತಳೆದು ಹೊರಬರುತ್ತದೆ. ಮನೆಯಲ್ಲಿ ತಾಯಿಯು ಚಕ್ಕಲಿಯನ್ನು ಒತ್ತುವಾಗ ಹಿಟ್ಟು ಅಚ್ಚಿನ ತೂತಿನ ಆಕಾರದಲ್ಲಿಯೇ ಇಳಿಯುತ್ತದಲ್ಲವೆ? ಇದೂ ಹಾಗೆಯೇ. ಹೊರಬಂದ ಹಲಗೆಯನ್ನು ನೀರಿನಿಂದ ತಣಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಮೇಲ್ಮೈಯ ಮೇಲೆ ಉರುಳೆಯಿಂದ ಮರದ ಎಳೆಗಳಂತಹ ಗೆರೆಗಳನ್ನು ಒತ್ತುತ್ತಾರೆ. ನೋಡಿದವರು ಮರವೆಂದೇ ಭ್ರಮಿಸುತ್ತಾರೆ.

ಇಂತಹ ಹಲಗೆಯಿಂದ ಆಗುವ ಪ್ರಯೋಜನಗಳು ಹಲವು. ಹುಡಿಯ ಕಣಗಳನ್ನು ಪ್ಲಾಸ್ಟಿಕ್ ಸುತ್ತುವರಿದಿರುವುದರಿಂದ ಇದು ಮರದಷ್ಟು ನೀರನ್ನು ಹೀರದು. ಆದುದರಿಂದ ಮರದಷ್ಟು ಬಾಗದು, ಸೀಳದು. ಗೆದ್ದಲಿಗೂ ಕೊಳೆಸುವ ಶಿಲೀಂಧ್ರಕ್ಕೂ ಸೆಲ್ಯುಲೋಸ್ ಸುಲಭವಾಗಿ ಎಟುಕುವುದಿಲ್ಲ. ಸಿಬಿರುಗಳು ಏಳದ ಕಾರಣ ಬರಿಗಾಲಿನಲ್ಲಿ ನಡೆಯುವವರಿಗೂ ಆಡುವ ಮಕ್ಕಳಿಗೂ ಅಪಾಯ ಕಡಿಮೆ. ವರ್ಷವರ್ಷವೂ ಎಣ್ಣೆ ಅಥವಾ ಬಣ್ಣವನ್ನು ಬಳಿಯಬೇಕಾಗಿಲ್ಲ. ಗುಡಿಸಿ, ಸಾಬೂನಿನ ನೀರಿನಿಂದ ತೊಳೆದರೆ ಸಾಕು. ಬಡಗಿಯು ತನ್ನ ಗರಗಸ, ಬೈರಿಗೆ, ತಿರುಪುಮೊಳೆಗಳಿಂದಲೇ ಇದನ್ನು ಕೊಯ್ದು ಜೋಡಿಸಬಲ್ಲನು. ಉದ್ಯಾನದ ಕಾಲುದಾರಿ, ಕೆರೆಯ ದಡದ ನಡೆಹಾಸು, ಮನೆಯ ಮುಂದಿನ ಜಗಲಿ, ಕುಳಿತುಕೊಳ್ಳುವ ಬೆಂಚು ಇವುಗಳಿಗೆ ಈ ಹಲಗೆ ಒಪ್ಪುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹೊಲದ ಹೊಟ್ಟೂ ಬೀದಿಯ ಪ್ಲಾಸ್ಟಿಕ್ಕೂ ಕೂಡಿ ಒಂದು ಉಪಯುಕ್ತ ವಸ್ತುವಾಗುತ್ತವೆ. ಅಷ್ಟರಮಟ್ಟಿಗೆ ಕಾಡಿನ ಮರವೊಂದು ಕೊಡಲಿಯಿಂದ ಪಾರಾಗುತ್ತದೆ.

ಆದರೆ ಗುಣಗಳನ್ನು ಮಾತ್ರ ಎಣಿಸಿ ದೋಷಗಳನ್ನು ಮರೆಮಾಚುವುದು ವಿಜ್ಞಾನದ ಮಾರ್ಗವಲ್ಲ. ಈ ಹಲಗೆಗೆ ಬಿಸಿಲು ಪೂರ್ತಿ ಮಿತ್ರನೇನೂ ಅಲ್ಲ. ರಾಯಚೂರಿನ ಬೇಸಿಗೆಯಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿಯನ್ನು ಮೀರುತ್ತದೆ. ನೇರ ಬಿಸಿಲಿನಲ್ಲಿರುವ ಕಪ್ಪುಬಣ್ಣದ ಹಲಗೆಯು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಹೊಸ್ತಿಲ ಹೊರಗೆ ಚಪ್ಪಲಿಯನ್ನು ಬಿಟ್ಟು ಬರಿಗಾಲಿನಲ್ಲಿ ಓಡಾಡುವ ನಮ್ಮ ಜನಕ್ಕೆ ಇದು ಅಲಕ್ಷ್ಯಮಾಡುವ ಮಾತಲ್ಲ. ತಿಳಿಬಣ್ಣದ ಹಲಗೆಯನ್ನು ಆರಿಸಬೇಕು. ಮೇಲೆ ಚಪ್ಪರದ ನೆರಳೋ ಬೇವಿನ ನೆರಳೋ ಇರಬೇಕು. ಕಾವೇರಿದಂತೆ ಹಲಗೆಯು ಉದ್ದಕ್ಕೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಹಲಗೆಯು 30 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು ಮೂರು ನಾಲ್ಕು ಮಿಲಿಮೀಟರ್ ಬೆಳೆಯಬಹುದು. ರೈಲುಹಳಿಗಳ ನಡುವೆ ಹಿಂದೆ ತೆರಪು ಬಿಡುತ್ತಿದ್ದಂತೆ ಇಲ್ಲಿಯೂ ಎರಡು ಹಲಗೆಗಳ ನಡುವೆ ತೆರಪು ಬಿಡಬೇಕು. ಇಲ್ಲವಾದರೆ ಅವು ಒಂದನ್ನೊಂದು ನೂಕಿ ಡೊಂಕಾಗುತ್ತವೆ.

ಇದಕ್ಕೆ ಮರದಷ್ಟು ಬಿಗುವಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಭಾರವು ಬಹುಕಾಲ ಒಂದೇ ಕಡೆ ಬಿದ್ದರೆ ಪ್ಲಾಸ್ಟಿಕ್ ಮೆಲ್ಲಮೆಲ್ಲನೆ ಜಗ್ಗುತ್ತದೆ. ಆದುದರಿಂದ ಸುಮಾರು 30ರಿಂದ 40 ಸೆಂಟಿಮೀಟರ್‌ಗೆ ಒಂದರಂತೆ ಕೆಳಗೆ ಅಡ್ಡಪಟ್ಟಿಗಳನ್ನು ಕೊಡಬೇಕು. ಮಾಳಿಗೆಯ ಭಾರವನ್ನು ಹೊರುವ ತೊಲೆಯಾಗಿ ಇದನ್ನು ಎಂದಿಗೂ ಬಳಸಬಾರದು. ಇದು ಬೆಂಕಿಗೆ ಹೊತ್ತಿಕೊಳ್ಳುವ ವಸ್ತು; ಒಲೆಯ ಸಮೀಪ ತಕ್ಕದ್ದಲ್ಲ. ನೆರಳೂ ತೇವವೂ ಇರುವಲ್ಲಿ ಮೇಲ್ಮೈಯ ಮೇಲೆ ಬೂಷ್ಟು ಬೆಳೆಯಬಹುದು. ಆದುದರಿಂದ ಕೆಳಗೆ ಗಾಳಿಯಾಡಬೇಕು, ನೀರು ಹರಿದುಹೋಗಬೇಕು. ಸಾಧಾರಣ ಮರಕ್ಕಿಂತ ಮೊದಲ ವೆಚ್ಚ ಹೆಚ್ಚು. ಇದೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇದರ ಅಂತ್ಯದ್ದು. ಮರವು ಹಳತಾದರೆ ಮಣ್ಣಿಗೆ ಗೊಬ್ಬರವಾಗುತ್ತದೆ. ಈ ಹಲಗೆ ಹಾಗಲ್ಲ. ಕಾರ್ಖಾನೆಯು ಹಿಂದಕ್ಕೆ ಪಡೆದು ಮತ್ತೆ ಕರಗಿಸಿದರೆ ಸರಿ. ಇಲ್ಲವಾದರೆ ಅದು ಮತ್ತೊಂದು ಬಗೆಯ ಕಸವಾಗಿಯೇ ಉಳಿಯುತ್ತದೆ.

ಹೊಟ್ಟಿನ ವಿಷಯದಲ್ಲಿಯೂ ವಿವೇಚನೆ ಬೇಕು. ಸಿಂಧನೂರಿನ ಸೀಮೆಯಲ್ಲಿ ಹೊಟ್ಟು ಸಂಪೂರ್ಣವಾಗಿ ವ್ಯರ್ಥವಾಗುವ ವಸ್ತುವಲ್ಲ. ಗಿರಣಿಯ ಬಾಯ್ಲರಿಗೂ ಇಟ್ಟಿಗೆಯ ಭಟ್ಟಿಗೂ ಅದು ಉರುವಲಾಗುತ್ತದೆ; ಕೋಳಿಸಾಕಣೆಯ ಮನೆಗಳಲ್ಲಿ ನೆಲದ ಹಾಸಾಗುತ್ತದೆ. ಸುಟ್ಟ ಹೊಟ್ಟು ಮಾತ್ರ ಬೂದಿಯಾಗಿ ಗುಡ್ಡೆಬೀಳುತ್ತದೆ. ಆ ಬೂದಿಯಲ್ಲಿ ಬಹುಪಾಲು ಸಿಲಿಕ, ಎಂದರೆ ಮರಳಿನಲ್ಲಿರುವ ವಸ್ತುವೇ. ಈ ಸಿಲಿಕವು ಹಲಗೆಯನ್ನು ಗಡುಸಾಗಿಸುತ್ತದೆ, ನಿಜ. ಆದರೆ ಯಂತ್ರದ ತಿರುಪನ್ನೂ ಬಡಗಿಯ ಗರಗಸವನ್ನೂ ಬೇಗ ಸವೆಸುತ್ತದೆ. ಹೊಟ್ಟು ಬಹಳ ಹಗುರ. ಒಂದು ಲಾರಿ ತುಂಬಿದರೂ ತೂಕ ಸ್ವಲ್ಪವೇ. ದೂರಕ್ಕೆ ಸಾಗಿಸಿದರೆ ಬಾಡಿಗೆಯೇ ಭಾರವಾಗುತ್ತದೆ. ಹಲಗೆಯ ಕಾರ್ಖಾನೆಯು ಭತ್ತದ ನಾಡಿನಲ್ಲಿಯೇ, ಗಿರಣಿಗಳ ನಡುವೆಯೇ ಇರಬೇಕೆಂಬುದಕ್ಕೆ ಇದು ಬಲವಾದ ಕಾರಣ. ಹೊಟ್ಟು ಬೆಳೆಯುವ ಊರಿನಲ್ಲಿಯೇ ಹಲಗೆಯೂ ಆದರೆ ಆ ಊರಿನ ಯುವಕರಿಗೆ ಉದ್ಯೋಗವೂ ದೊರೆಯಬಹುದು.

ಈ ದಿಕ್ಕಿನಲ್ಲಿ ನಮ್ಮ ರಾಜ್ಯದಲ್ಲಿ ಸಂಶೋಧನೆಗೆ ಕೊರತೆಯಾಗಿಲ್ಲ. 1938ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅರಣ್ಯ ಸಂಶೋಧನಾಲಯವು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಅಲ್ಲಿಯ ವಿಜ್ಞಾನಿಗಳು ಮರದ ನಾರನ್ನೂ ಬಿದಿರಿನ ನಾರನ್ನೂ ಪಾಲಿಪ್ರೊಪಿಲೀನ್‌ನೊಡನೆ ಬೆಸೆಯುವ ವಿಧಾನಗಳನ್ನು ಅಭ್ಯಸಿಸಿದ್ದಾರೆ. 1962ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನ ಸಂಸ್ಥೆಯು ಬಿದಿರಿನ ಚಾಪೆಯಿಂದ ಹಲಗೆಯನ್ನೂ ಛಾವಣಿಯ ಅಲೆತಗಡನ್ನೂ, ಭತ್ತದ ಹೊಟ್ಟಿಗೆ ಅಂಟುರಾಳವನ್ನು ಕೂಡಿಸಿ ಹಲಗೆಯನ್ನೂ ತಯಾರಿಸುವ ಕ್ರಮವನ್ನು ರೂಪಿಸಿತು. ಜ್ಞಾನವು ನಮ್ಮ ಬಳಿಯೇ ಇದೆ. ಅದು ಪ್ರಯೋಗಶಾಲೆಯಿಂದ ಹಳ್ಳಿಗೆ ನಡೆದುಬರಬೇಕಾಗಿದೆ.

ಹಾಗಾದರೆ ಇನ್ನು ಮುಂದೆ ಮರವೇ ಬೇಡವೆ? ಹಾಗಲ್ಲ. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯು ಹಾಕಿದ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಲಾಯಿತು. ರೈತನು ತನ್ನ ಬದುವಿನಲ್ಲಿ ನೆಟ್ಟು ಬೆಳೆಸಿದ ಮರವು ಗಾಳಿಯಲ್ಲಿರುವ ಇಂಗಾಲವನ್ನು ತನ್ನೊಳಗೆ ಹಿಡಿದಿಡುತ್ತದೆ. ಅದು ತೊಲೆಯಾದ ಮೇಲೂ ಆ ಇಂಗಾಲ ಅಲ್ಲಿಯೇ ಉಳಿಯುತ್ತದೆ. ಅಂಥ ಮರವನ್ನು ಬಳಸುವುದು ತಪ್ಪಲ್ಲ. ಬಳಸಿದರೆ ಇನ್ನಷ್ಟು ಮರವನ್ನು ಬೆಳೆಸಲು ರೈತನಿಗೆ ಉತ್ಸಾಹ ಬರುತ್ತದೆ. ತಪ್ಪಿರುವುದು, ನೂರು ವರ್ಷ ಬೆಳೆದ ಕಾಡಿನ ತೇಗವನ್ನು ಹತ್ತು ವರ್ಷವೂ ಬಾಳದ ಜಾಗದಲ್ಲಿ ಹಾಸಿ ಕೊಳೆಯಿಸುವುದರಲ್ಲಿ. ಮನೆಯ ಒಳಗೆ, ನೆರಳಿನಲ್ಲಿ, ಭಾರವನ್ನು ಹೊರುವ ಕಡೆ ಮರವಿರಲಿ; ಅಂಗಳದಲ್ಲಿ, ತೇವದಲ್ಲಿ, ಕಾಲ ಕೆಳಗೆ ಹೊಟ್ಟಿನ ಹಲಗೆಯಿರಲಿ. ಕಲ್ಲಿನ ಕಟ್ಟೆಯೇ ಸಾಕಾಗುವಲ್ಲಿ ಎರಡೂ ಬೇಡ. ಯಾವ ವಸ್ತುವಿಗೆ ಯಾವ ಸ್ಥಾನವೆಂಬುದನ್ನು ಅರಿಯುವುದೇ ಜಾಣತನ.

ಮರವಲ್ಲದ ಈ ಮರವು ಮರದ ರೂಪವನ್ನು ತಾಳಬಲ್ಲದು, ಮರದ ಕೆಲವು ಕೆಲಸಗಳನ್ನೂ ಮಾಡಬಲ್ಲದು. ಆದರೆ ಅದು ಚಿಗುರಲಾರದು, ನೆರಳನ್ನು ಕೊಡಲಾರದು, ಮಳೆಯ ನೀರನ್ನು ನೆಲದಲ್ಲಿ ಇಂಗಿಸಲಾರದು. ಹೊಟ್ಟಿನ ಹಲಗೆಯಿಂದ ಉಳಿದ ಮರವು ನಿಂತಲ್ಲಿಯೇ ನಿಂತು ಆ ಕೆಲಸವನ್ನು ಮಾಡಲಿ. ಮುಕ್ಕುಂದದಂತಹ ಊರುಗಳ ಕಾಲುವೆಯ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ನಾವು ಒಂದೊಂದು ಸಸಿಯನ್ನು ನೆಟ್ಟರೆ ಈ ಹೊಸ ಹಲಗೆಯ ಪ್ರಯೋಜನ ಇಮ್ಮಡಿಯಾದೀತು.

ಅಭ್ಯಾಸ

1. ಮನೆಯ ಒಳಗಿನ ತೊಲೆ ಬಹುಕಾಲ ಬಾಳುತ್ತದೆ, ಹೊರಗಿನ ಹಲಗೆ ಬೇಗ ಹಾಳಾಗುತ್ತದೆ. ಏಕೆ?
2. ಹರಿಗೋಲಿಗೂ ಸಂಯೋಜಿತ ಹಲಗೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.
3. ಹಲಗೆಯ ತಯಾರಿಕೆಗೆ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳನ್ನೇ ಆರಿಸಲು ಕಾರಣವೇನು?
4. ರಾಯಚೂರಿನಂತಹ ಬಿಸಿಲಿನ ನಾಡಿನಲ್ಲಿ ಈ ಹಲಗೆಯನ್ನು ಹಾಸುವಾಗ ಯಾವ ಎಚ್ಚರಿಕೆಗಳನ್ನು ವಹಿಸಬೇಕು?
5. 'ಯಾವ ವಸ್ತುವಿಗೆ ಯಾವ ಸ್ಥಾನವೆಂಬುದನ್ನು ಅರಿಯುವುದೇ ಜಾಣತನ' ಎಂಬ ಮಾತನ್ನು ನಿಮ್ಮ ಊರಿನ ಉದಾಹರಣೆಗಳಿಂದ ಸಮರ್ಥಿಸಿರಿ.